ಮೇ ರಜೆಯಲ್ಲಿ ಮಕ್ಕಳೊಂದಿಗೆ ಕಾಶ್ಮೀರದ ಎತ್ತರದ ಸರೋವರವೊಂದರ ದಡದಲ್ಲಿ ಎರಡು ರಾತ್ರಿ ತಂಗಬೇಕೆಂದಿದ್ದೇವೆ. ಬೆಂಗಳೂರಿನಲ್ಲೇ ಟೆಂಟ್ ಕೊಂಡು ಒಯ್ಯುವುದೋ, ಅಲ್ಲಿ ಬಾಡಿಗೆಗೆ ಪಡೆಯುವುದೋ?

ಟೆಂಟಿನ ಮಾತು ಆಮೇಲೆ. ಮೇ ತಿಂಗಳಲ್ಲಿ ನೀವು ನೋಡಬೇಕೆಂದಿರುವ ಸರೋವರ ಹಿಮದಡಿಯಲ್ಲಿ ಇರುತ್ತದೆ. ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್‌, ಮೇ ತಿಂಗಳಲ್ಲಿ. ಆ ಎತ್ತರಕ್ಕೆ ಬೇಸಿಗೆ ಕಾಲಿಡುವುದು ಜುಲೈನಲ್ಲಿ. ವಿಶನ್‌ಸರ್, ಗಡ್‌ಸರ್, ಗಂಗಾಬಲ್, ತಾರ್‌ಸರ್ ಈ ಸರೋವರಗಳೆಲ್ಲಕ್ಕೂ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಅವಧಿಯೇ ಸರಿ.

ನಾನು ಮತ್ತು ನನ್ನ ಸಹೋದ್ಯೋಗಿಯೊಬ್ಬರು ತಿಂಗಳನ್ನೇನೋ ಸರಿಯಾಗಿಯೇ ಆರಿಸಿಕೊಂಡಿದ್ದೆವು. ಆಗಸ್ಟ್‌ನಲ್ಲಿ ಸೋನಮಾರ್ಗ್‌ನಿಂದ ಹೊರಟು, ಸರೋವರಗಳನ್ನು ಒಂದೊಂದಾಗಿ ನೋಡುತ್ತ, ಹರ್‌ಮುಖ್ ಶಿಖರದ ಬುಡದಲ್ಲಿರುವ ಗಂಗಾಬಲ್ ಮುಟ್ಟಿ, ನಾರಾನಾಗ್‌ಗೆ ಇಳಿಯಬೇಕೆಂಬುದು ನಮ್ಮ ಯೋಜನೆ. ನಿಮ್ಮಂತೆ ನಾವೂ ಟೆಂಟ್ ಯಾವುದು, ಎಷ್ಟು ತೂಕ, ಎಷ್ಟು ಮಳೆ ತಡೆಯುತ್ತದೆ ಎಂಬುದರಲ್ಲೇ ಮುಳುಗಿದ್ದೆವು. ಬಸವನಗುಡಿಯ ನಮ್ಮ ಮನೆಯ ತಾರಸಿಯ ಮೇಲೆ ಜೂನ್ ಮಳೆಯಲ್ಲಿ ಅದನ್ನು ಹಾಕಿ, ರಾತ್ರಿಯಿಡೀ ಒಳಗೆ ಮಲಗಿ, ಒಂದು ಹನಿಯೂ ಸೋರಲಿಲ್ಲವೆಂದು ಬೀಗಿದ್ದೂ ಉಂಟು.

ನಿಚ್‌ನೈ ಪಾಸ್, ಅಂದರೆ ಬೆಟ್ಟಗಳ ನಡುವಿನ ಎತ್ತರದ ದಾರಿ, ದಾಟಿ ವಿಶನ್‌ಸರ್ ತಲುಪಿದಾಗ ಸಂಜೆಯಾಗಿತ್ತು. ಆ ಸರೋವರ ಸುಮಾರು 3,700 ಮೀಟರ್ ಎತ್ತರದಲ್ಲಿದೆ. ನಮ್ಮ ಸಾಮಾನು ಹೊತ್ತ ಕುದುರೆಗಳ ಯಜಮಾನ ನೀರಿನಿಂದ ಸಾಕಷ್ಟು ದೂರದ ಒಂದು ದಿಬ್ಬದ ಮೇಲೆ ತನ್ನ ಟಾರ್ಪಾಲು ಕಟ್ಟಿಕೊಂಡು, ‘ನೀವೂ ಇಲ್ಲಿಗೇ ಬನ್ನಿ ಸಾಹೇಬರೇ’ ಎಂದು ಕರೆದ. ನಮಗಾದರೋ ಬೆಳಿಗ್ಗೆ ಜಿಪ್ ತೆಗೆದ ಕೂಡಲೇ ಕಾಲಬುಡದಲ್ಲಿ ನೀರು ಕಾಣಬೇಕಿತ್ತು. ದಡಕ್ಕೆ ತಾಗಿದ, ಹುಲ್ಲು ಮೆತ್ತಗಿದ್ದ ತಗ್ಗಿನ ಜಾಗ ಆರಿಸಿ ಅಲ್ಲೇ ಗೂಟ ಹೊಡೆದೆವು.

ಆ ಜಾಗ ಏಕೆ ತಪ್ಪು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಟೆಂಟ್ ಮಾರುವವರು ಯಾರೂ ಇದನ್ನು ಹೇಳುವುದಿಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಆ ಭಾರದ ಗಾಳಿ ಸುತ್ತಲಿನ ಇಳಿಜಾರುಗಳಿಂದ ಜಾರಿ ಕಣಿವೆಯ ಅತ್ಯಂತ ತಗ್ಗಿನಲ್ಲಿ ಬಂದು ನಿಲ್ಲುತ್ತದೆ. ಕಣಿವೆಯ ಅತ್ಯಂತ ತಗ್ಗು ಎಂದರೆ ಸರೋವರದ ದಡವೇ. ಇದಕ್ಕೆ ಸರೋವರದ ತೇವವನ್ನೂ ಸೇರಿಸಿಕೊಳ್ಳಿ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಬೆಂಗಳೂರು ಇರುವುದು 920 ಮೀಟರ್ ಆಸುಪಾಸಿನಲ್ಲಿ. ಆ ಲೆಕ್ಕದಲ್ಲಿ ನಮ್ಮ ಆಗಸ್ಟ್ ರಾತ್ರಿಯ 20 ಡಿಗ್ರಿ ಅಲ್ಲಿ 2 ಡಿಗ್ರಿ. ತಗ್ಗಿನಲ್ಲಿ ಮಲಗಿದವರಿಗೆ ಅಷ್ಟೂ ಉಳಿಯುವುದಿಲ್ಲ.

ಚಳಿ ಏರಿದಂತೆ ನಾವು ಟೆಂಟಿನ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿಬಿಟ್ಟೆವು. ತಗ್ಗಿನಲ್ಲಿ ಗೂಟ ಹೊಡೆದ ತಪ್ಪು ಇಲ್ಲಿ ದುಪ್ಪಟ್ಟಾಯಿತು. ಇಬ್ಬರ ಉಸಿರಿನಲ್ಲಿ ರಾತ್ರಿಯಿಡೀ ಹೊರಬಿದ್ದ ತೇವಕ್ಕೆ ಹೋಗಲು ದಾರಿಯಿಲ್ಲ. ಫ್ರಿಜ್‌ನಿಂದ ತೆಗೆದಿಟ್ಟ ಬಾಟಲಿಯ ಮೈಮೇಲೆ ಹನಿ ಕೂರುವಂತೆ ಅದು ತಣ್ಣಗಿನ ಬಟ್ಟೆಯ ಒಳಮೈಯಲ್ಲಿ ನೀರಾಗಿ ಕೂತಿತು. ನಡುರಾತ್ರಿ ಟಾರ್ಚ್ ಹಾಕಿ ನೋಡಿದರೆ ಹನಿಗಳು ಸಾಲುಗಟ್ಟಿ ಹೊಲಿಗೆಯ ಗುಂಟ ಇಳಿಯುತ್ತಿದ್ದವು. ಟೆಂಟ್ ಸೋರುತ್ತಿದೆ ಎಂದುಕೊಂಡು ಇನ್ನಷ್ಟು ಬಿಗಿಯಾಗಿ ಜಿಪ್ ಎಳೆದೆವು. ಹೊರಗೆ ಮಳೆಯೇ ಇರಲಿಲ್ಲ.

ಸ್ಲೀಪಿಂಗ್ ಬ್ಯಾಗಿನ ಕಾಲ್ಬದಿ ಗೋಡೆಗೆ ತಾಗಿ ನೆನೆದುಹೋಯಿತು. ನಮ್ಮದು ಹಕ್ಕಿಯ ತುಪ್ಪಳ ತುಂಬಿದ, ದುಬಾರಿ ಬ್ಯಾಗ್. ತುಪ್ಪಳ ಉಬ್ಬಿಕೊಂಡು ಗಾಳಿಯನ್ನು ಹಿಡಿದಿಟ್ಟಾಗ ಮಾತ್ರ ಬೆಚ್ಚಗಿಡುತ್ತದೆ. ನೆನೆದರೆ ಗಂಟುಗಂಟಾಗಿ ಮುದ್ದೆಯಾಗುತ್ತದೆ, ಆಮೇಲೆ ಅದು ಇದ್ದೂ ಇಲ್ಲದಂತೆ. ಮರುದಿನ ಮೋಡ ಕವಿದು ಒಣಗಿಸಲು ಬಿಸಿಲೇ ಬೀಳಲಿಲ್ಲ. ಆ ಸಂಜೆ ನನ್ನ ಸಹೋದ್ಯೋಗಿಗೆ ಹಿಡಿದ ನಡುಕ ಬಿಸಿ ಸೂಪಿಗೂ ಜಗ್ಗಲಿಲ್ಲ. ಸುಮಾರು 4,200 ಮೀಟರ್ ಎತ್ತರದ ಗಡ್‌ಸರ್ ಪಾಸನ್ನು ಅವರನ್ನು ಕಟ್ಟಿಕೊಂಡು ದಾಟುವುದು ಹುಚ್ಚುತನವೆಂದು ಗೈಡ್ ಖಡಾಖಂಡಿತವಾಗಿ ಹೇಳಿದರು. ಬಂದ ದಾರಿಯಲ್ಲೇ ಸೋನಮಾರ್ಗ್‌ಗೆ ಇಳಿದೆವು. ವಿಮಾನದ ದುಡ್ಡು, ಕೂಡಿಟ್ಟ ರಜೆ ಎರಡೂ ಹೋದವು. ಗಂಗಾಬಲ್ ಅನ್ನು ನಾನು ಇಂದಿಗೂ ನೋಡಿಲ್ಲ. ದಿಬ್ಬದ ಮೇಲಿದ್ದ ಕುದುರೆಯವನು ಮಾತ್ರ ಒಂದು ಕಂಬಳಿ ಹೊದ್ದು ಗಡದ್ದಾಗಿ ನಿದ್ದೆ ಮಾಡಿದ್ದ.

ಆದ್ದರಿಂದ ‘ದಡದಲ್ಲಿ’ ಎಂಬ ನಿಮ್ಮ ಷರತ್ತನ್ನೇ ಕೈಬಿಡಿ ಎನ್ನುತ್ತೇನೆ. ನೀರಿನಿಂದ ಕನಿಷ್ಠ 60 ಮೀಟರ್ ದೂರದಲ್ಲಿ, ತುಸು ಎತ್ತರದಲ್ಲಿ, ಬೆಳಗಿನ ಬಿಸಿಲು ಮೊದಲು ತಾಗುವ ಕಡೆ ಟೆಂಟ್ ಹಾಕಿ. ಎಷ್ಟೇ ಚಳಿಯಾದರೂ ಮೇಲಿನ ಕಿಂಡಿಗಳನ್ನು ತೆರೆದಿಡಿ. ಶೌಚಕ್ಕೂ ಪಾತ್ರೆ ತೊಳೆಯುವುದಕ್ಕೂ ಅದೇ ಅಂತರ ಇರಲಿ, ಏಕೆಂದರೆ ಕೆಳಗಿನವರು ಕುಡಿಯುವುದು ಆ ನೀರನ್ನೇ. ಕೆಲವೆಡೆ ಇದು ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ: 2005ರಿಂದ ರಾಮ್ಸರ್ ತಾಣವಾಗಿರುವ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿರುವ, ಹಿಮಾಚಲದ ಸ್ಪಿತಿಯ ಚಂದ್ರತಾಲ್ ಸರೋವರದಲ್ಲಿ ದಡದ ಮೇಲೆ ಟೆಂಟ್ ಹಾಕಲು ಬಿಡುವುದಿಲ್ಲ, ಉತ್ತರಾಖಂಡದ ಹೈಕೋರ್ಟ್ 2018ರಲ್ಲಿ ಅಲ್ಲಿನ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನೇ ನಿಷೇಧಿಸಿತು.

ಮಕ್ಕಳ ರಜೆ ಮೇ ತಿಂಗಳಲ್ಲೇ ಎಂದಾದರೆ ಕಾಶ್ಮೀರವನ್ನು ಬಿಟ್ಟು ಉತ್ತರಾಖಂಡದ ದೇವರಿಯಾತಾಲ್‌ಗೆ ಹೋಗಿ. ಅದು ಸುಮಾರು 2,400 ಮೀಟರ್ ಎತ್ತರದ ಕಾಡಿನ ಕೆರೆ. ಸಾರಿ ಹಳ್ಳಿಯಲ್ಲಿ ತಂಗಿ ಬೆಳಗಿನ ಜಾವ ಹತ್ತಿದರೆ, ಮೋಡವಿಲ್ಲದ ದಿನ ಚೌಖಂಬಾ ಶಿಖರಗಳು ನೀರಿನಲ್ಲಿ ಕಾಣುತ್ತವೆ. ಮೊದಲ ಸಲವೇ ಮಕ್ಕಳನ್ನು 3,700 ಮೀಟರ್ ಎತ್ತರದಲ್ಲಿ ಮಲಗಿಸುವ ಯೋಚನೆ ನನಗೆ ಹಿಡಿಸುವುದಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬ ನಿಯಮವಿದೆ, ನಿಮ್ಮ ಎರಡು ರಾತ್ರಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಇನ್ನು ನೀವು ಕೇಳಿದ್ದು: ಟೆಂಟಿನಲ್ಲೇ ಮಲಗುವುದಾದರೆ ಬಾಡಿಗೆಯದು ಸಾಕು, ದುಡ್ಡನ್ನು ಮೈಕೆಳಗೆ ಹಾಸುವ ಒಳ್ಳೆಯ ಮ್ಯಾಟ್‌ಗೆ ಹಾಕಿ. ಬ್ಯಾಗ್ ಎಷ್ಟೇ ದಪ್ಪವಿದ್ದರೂ ಮೈಭಾರಕ್ಕೆ ಅದರ ತಳ ಚಪ್ಪಟೆಯಾಗಿ ನೆಲದ ಚಳಿ ನೇರ ಬೆನ್ನಿಗೇ ಏರುತ್ತದೆ. ಪ್ರೆಷರ್ ಕುಕ್ಕರ್ ಇಲ್ಲದೆ ಅನ್ನದ ಆಸೆ ಇಟ್ಟುಕೊಳ್ಳಬೇಡಿ. 3,700 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಅಕ್ಕಿ ಅರೆಬೆಂದೇ ಉಳಿಯುತ್ತದೆ. ಗ್ಯಾಸ್ ಕ್ಯಾನಿಸ್ಟರನ್ನು ಇಲ್ಲಿಂದ ಕೊಳ್ಳಬೇಡಿ, ವಿಮಾನದಲ್ಲಿ ಬಿಡುವುದಿಲ್ಲ. ಮುಂದೆಂದಾದರೂ ಜುಲೈನಲ್ಲಿ ಕಾಶ್ಮೀರಕ್ಕೇ ಹೊರಟರೆ ಪೋಸ್ಟ್‌ಪೇಯ್ಡ್ ಸಿಮ್ ಇಟ್ಟುಕೊಳ್ಳಿ. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ.