ಎರೆ ಹೊಲದ ಸುಣ್ಣದ ಹರಳು ಹುಟ್ಟುವ ಬಗೆ

ಪ್ರಶ್ನೆ: ನಮ್ಮ ಎರೆ ಹೊಲದಲ್ಲಿ ಕೃಷಿ ಹೊಂಡ ತೋಡಿಸಿದಾಗ ಮೂರು ಅಡಿ ಆಳದ ಕೆಳಗೆ ಕಡಲೆ ಕಾಳಿನಿಂದ ನೆಲ್ಲಿಕಾಯಿ ಗಾತ್ರದವರೆಗಿನ ಬಿಳಿ ಹರಳುಗಳು ರಾಶಿಯಾಗಿ ಬಂದವು. ಹಿರಿಯರು ಸುಣ್ಣದ ಹರಳು ಎನ್ನುತ್ತಾರೆ. ನೆರೆ ಹೊಲದವರು ರಸಗೊಬ್ಬರ ಗಟ್ಟಿಯಾಗಿ ಹೀಗಾಗಿದೆ ಎನ್ನುತ್ತಾರೆ. ಯಾವುದು ನಿಜ? ಇವನ್ನು ಆರಿಸಿ ತೆಗೆಯಬೇಕೇ?
– ಓದುಗರೊಬ್ಬರು, ರೋಣ ತಾಲ್ಲೂಕು

ಉತ್ತರ: ಹಿರಿಯರ ಮಾತೇ ನಿಜ. ನೆಲ್ಲಿಕಾಯಿ ಗಾತ್ರದ ಹರಳು ಬೆಳೆಯಲು ಸಾವಿರಾರು ವರ್ಷಗಳು ಬೇಕು. ರಸಗೊಬ್ಬರ ನಮ್ಮ ಹೊಲಗಳಿಗೆ ಬಂದು ನೂರು ವರ್ಷವೂ ಆಗಿಲ್ಲ.

ಒಂದು ಹರಳನ್ನು ಸುತ್ತಿಗೆಯಿಂದ ಒಡೆದು ನೋಡಿರಿ. ಹೊರಗೆ ಮಣ್ಣು ಮೆತ್ತಿದ ಬೂದುಬಣ್ಣ, ಒಳಗೆ ಕೆನೆಬಿಳುಪು, ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಬಿಳಿಯ ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಚುಕ್ಕೆಗಳು ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು. ಹರಳು ಬೆಳೆಯುವಾಗ ಸುತ್ತಲಿನ ಜೇಡಿಯನ್ನೂ ಮರಳಿನ ಕಣಗಳನ್ನೂ ತನ್ನೊಳಗೆ ಸೇರಿಸಿಕೊಂಡಿರುವುದರಿಂದ ಅದು ಶುದ್ಧ ಸುಣ್ಣವಲ್ಲ. ಒಡೆದ ಮೈಮೇಲೆ ನಿಂಬೆರಸ ಹಿಂಡಿದರೆ ಸಣ್ಣ ನೊರೆ ಏಳುತ್ತದೆ. ಆ ನೊರೆಯಲ್ಲಿರುವ ಗಾಳಿ ಕಾರ್ಬನ್ ಡೈಆಕ್ಸೈಡ್, ಮತ್ತು ಅದು ಬಹುಪಾಲು ಎಂದೋ ಬೆಳೆದಿದ್ದ ಹುಲ್ಲಿನ ಬೇರುಗಳ ಉಸಿರು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಅದು ಹೇಗೆಂದರೆ, ಬೇರುಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಬಿಡುವ ಕಾರ್ಬನ್ ಡೈಆಕ್ಸೈಡ್ ಮಳೆನೀರಿನಲ್ಲಿ ಕರಗಿ ನೀರನ್ನು ತುಸು ಆಮ್ಲೀಯವಾಗಿಸುತ್ತದೆ, ಆ ನೀರು ಕಲ್ಲಿನ ಕಣಗಳಿಂದ ಕ್ಯಾಲ್ಸಿಯಂ ಅನ್ನು ಬಿಡಿಸಿಕೊಂಡು ಕೆಳಗಿಳಿಯುತ್ತದೆ. ಮಳೆ ಹೆಚ್ಚಿರುವ ಅಳ್ನಾವರದ ಕಡೆ ಅದು ಬಸಿದು ಹೋಗುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ನಿಮ್ಮ ಸೀಮೆಯಲ್ಲಿ ನೀರು ಎರಡು ಮೂರು ಅಡಿ ಇಳಿಯುವಷ್ಟರಲ್ಲಿ ಬೇರುಗಳು ಅದನ್ನು ಹೀರುತ್ತವೆ, ಉಳಿದದ್ದು ಬೇಸಿಗೆಯಲ್ಲಿ ಆರುತ್ತದೆ, ಕರಗಿದ್ದ ಸುಣ್ಣ ಒಂದು ಮರಳಿನ ಕಣದ ಸುತ್ತಲೋ ಹಳೆಯ ಬೇರಿನ ತೂತಿನಲ್ಲೋ ಕಟ್ಟಿಕೊಳ್ಳುತ್ತದೆ. ಹರಳಿನ ಅಂಚು ಸುತ್ತಲಿನ ಮಣ್ಣಿನೊಳಗೆ ಮಸುಕಾಗಿ ಬೆರೆತಿದ್ದರೆ ಅದು ಅಲ್ಲಿಯೇ ಹುಟ್ಟಿದ್ದು. ಅಂಚು ನುಣುಪಾಗಿ, ಮೈ ಕಪ್ಪಿಟ್ಟಿದ್ದರೆ ಎರೆ ಮಣ್ಣು ಬಿರಿದು ಹೊರಳುವಾಗ ಅದು ಜಾಗ ಬದಲಿಸಿರಬಹುದು.

ಜೋಳ, ಸಜ್ಜೆ ಮತ್ತು ಬಿಸಿಲುನಾಡಿನ ಹುಲ್ಲುಗಳು ಇಂಗಾಲವನ್ನು ಹಿಡಿಯುವ ರೀತಿ ಬೇರೆ, ಮರಗಳು ಮತ್ತು ಕಡಲೆಯಂಥ ಗಿಡಗಳ ರೀತಿ ಬೇರೆ. ಈ ವ್ಯತ್ಯಾಸ ಹರಳಿನ ಇಂಗಾಲದಲ್ಲಿಯೂ ಉಳಿಯುವುದರಿಂದ, ಹಿಮಾಲಯದ ತಪ್ಪಲಿನ ಶಿವಾಲಿಕ್ ಪದರಗಳ ಹರಳುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಅಲ್ಲಿ ಸುಮಾರು 70 ಲಕ್ಷ ವರ್ಷಗಳ ಹಿಂದೆ ಹುಲ್ಲುಗಾವಲು ಹರಡಿತೆಂದು ತಿಳಿದರು.

ಇನ್ನು ಆರಿಸುವ ವಿಚಾರ. ಕುಂಟೆಗೆ ತಗಲುವ ದೊಡ್ಡ ಹರಳುಗಳನ್ನಷ್ಟೇ ಬದುವಿಗೆ ಹಾಕಿರಿ, ಉಳಿದವುಗಳಿಗೆ ಆಳಿನ ಕೂಲಿ ಕಳೆಯಬೇಡಿರಿ. ಶೇಂಗಾದ ಎಳೆ ಎಲೆ ಹಳದಿಯಾಗುವಂತೆ ಮಾಡುವುದು ಗಟ್ಟಿ ಹರಳಿಗಿಂತ ಹೆಚ್ಚಾಗಿ ಕಣ್ಣಿಗೆ ಕಾಣದಷ್ಟು ನುಣ್ಣಗೆ ಮಣ್ಣಿನಲ್ಲಿ ಬೆರೆತಿರುವ ಸುಣ್ಣ. ಅದು ಬೆಳೆಗೆ ಕಬ್ಬಿಣ ಸಿಗದಂತೆ ತಡೆಯುತ್ತದೆ. ಆದ್ದರಿಂದ ಹೊಂಡದ ತಳದಿಂದ ಬಂದ ಬಿಳಿ ಮಣ್ಣನ್ನು ಮಾತ್ರ ಹೊಲದ ಮೇಲ್ಮಣ್ಣಿನ ಮೇಲೆ ಹರಡಬೇಡಿರಿ. ಹೊಂಡದ ಏರಿಗೆ ಅಥವಾ ಬಂಡಿದಾರಿಗೆ ಬಳಸಿರಿ.