ಮನಸ್ಸು ಗಟ್ಟಿ ಮಾಡಿಕೋ ಅಂದರೆ ಸಾಕೇ?

ಬಾಣಂತಿಯರ ಖಿನ್ನತೆ ಕುರಿತ ನಮ್ಮ ಲೇಖನ ಓದಿ ಹಿರಿಯ ಓದುಗರೊಬ್ಬರು ಕೇಳಿದ್ದಾರೆ: “ಮನಸ್ಸು ಗಟ್ಟಿ ಇದ್ದವರಿಗೆ ಇದೆಲ್ಲ ಬರುತ್ತಾ? ಹಾರ್ಮೋನ್ ಅನ್ನುವುದು ಸುಮ್ನೆ ನೆಪ ಅಲ್ವಾ? ನನ್ನ ಸೊಸೆಯೂ ಅಳುತ್ತಲೇ ಇರುತ್ತಾಳೆ.”

ಬಿಚ್ಚುಮನಸ್ಸಿನಿಂದ ಬರೆದಿದ್ದೀರಿ, ಸಂತೋಷ. ಮನೆಯವರ ಆಸರೆ, ನಿದ್ದೆ, ದುಡ್ಡಿನ ಚಿಂತೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಒಪ್ಪಿದೆ. ಆದರೆ ‘ನೆಪ’ ಅನ್ನುವ ಮಾತು ಓದಿ ನೋವಾಯಿತು.

ಬಸಿರಿನಲ್ಲಿ ಪ್ರೊಜೆಸ್ಟರಾನ್ ಎಂಬ ಸ್ಟೆರಾಯ್ಡ್ ಹಾರ್ಮೋನ್ ತುಂಬಾ ಏರಿರುತ್ತದೆ. ಅದರಿಂದ ಅಲೊಪ್ರೆಗ್ನನೊಲೋನ್ ಎಂಬ ಇನ್ನೊಂದು ಸ್ಟೆರಾಯ್ಡ್ ಹುಟ್ಟುತ್ತದೆ. ಮಿದುಳಿಗೆ ಬ್ರೇಕ್ ಹಾಕುವ ಗಾಬಾ ಎಂಬ ರಾಸಾಯನಿಕಕ್ಕೆ ಅದು ಬಲ ಕೊಡುತ್ತದೆ. ಮಾಸು ಬಿದ್ದ ಕೆಲವೇ ದಿನಗಳಲ್ಲಿ ಈ ಎರಡು ಸ್ಟೆರಾಯ್ಡ್‌ಗಳೂ ಕುಸಿಯುತ್ತವೆ.

ಎಲ್ಲರಿಗೂ ಕುಸಿಯುತ್ತದಲ್ಲ, ಕೆಲವರಿಗೆ ಮಾತ್ರ ಯಾಕೆ ಹೀಗೆ? 2000ದಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ ನನ್ನ ಕಣ್ಣು ತೆರೆಸಿತು. ಬಸುರಿಯರೂ ಬಾಣಂತಿಯರೂ ಅಲ್ಲದ 16 ಹೆಂಗಸರಿಗೆ ಹಾರ್ಮೋನ್ ಏರಿಸಿ, ಆಮೇಲೆ ನಿಲ್ಲಿಸಿದರು. ಹಿಂದೊಮ್ಮೆ ಬಾಣಂತನದಲ್ಲಿ ಖಿನ್ನತೆ ಕಂಡಿದ್ದ 8 ಜನರಲ್ಲಿ 5 ಜನರ ಮನಸ್ಸು ಕೆಟ್ಟಿತು. ಉಳಿದ 8 ಜನರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಅಲ್ಲಿ ಎಳೆಮಗುವೂ ಇರಲಿಲ್ಲ, ಹೆರಿಗೆಯ ಸುಸ್ತೂ ಇರಲಿಲ್ಲ. 2019ರಲ್ಲಿ ಬಾಣಂತಿಯರ ಖಿನ್ನತೆಗೆಂದು ಅಮೆರಿಕ ಒಪ್ಪಿಗೆ ಕೊಟ್ಟ ಬ್ರೆಕ್ಸನೊಲೋನ್ ಔಷಧಿ ಇದೇ ಅಲೊಪ್ರೆಗ್ನನೊಲೋನ್. 60 ಗಂಟೆ ಡ್ರಿಪ್‌ನಲ್ಲಿ ಕೊಡುತ್ತಿದ್ದರು. ನೆಪಕ್ಕೆ ಯಾರಾದರೂ ಡ್ರಿಪ್ ಹಾಕುತ್ತಾರಾ?

ಇದು ಹೆಂಗಸರ ಮಾತಷ್ಟೇ ಅಲ್ಲ. ನನ್ನ ಚಿಕ್ಕಪ್ಪನಿಗೆ ಶ್ವಾಸಕೋಶದ ತೊಂದರೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಜಾಸ್ತಿ ಪ್ರಮಾಣದಲ್ಲಿ ಕೊಟ್ಟರು. ವಾರದೊಳಗೆ ನಿದ್ದೆ ಹೋಯಿತು. ರಾತ್ರಿಯೆಲ್ಲ ಮಾತು, ಎಲ್ಲರ ಮೇಲೂ ಅನುಮಾನ. ನಾವು ‘ವಯಸ್ಸಾಯಿತು’ ಅಂದುಕೊಂಡೆವು. ಇನ್ನೊಬ್ಬ ವೈದ್ಯರು ಮಾತ್ರೆಯ ಚೀಟಿ ನೋಡಿ, ಪ್ರಮಾಣ ನಿಧಾನವಾಗಿ ಇಳಿಸಿದ ಮೇಲೆ ಅವರು ಮತ್ತೆ ನಮ್ಮ ಚಿಕ್ಕಪ್ಪ ಆದರು. ಮೊದಲು ಮಾತ್ರೆ ಬರೆದವರು ಸಕ್ಕರೆ, ಮೂಳೆಯ ಬಗ್ಗೆ ಎಚ್ಚರಿಸಿದ್ದರು. ಮನಸ್ಸಿನ ಬಗ್ಗೆ ಒಂದು ಮಾತೂ ಇಲ್ಲ. 1972ರಲ್ಲೇ ಬಾಸ್ಟನ್‌ನ ವೈದ್ಯರು ಲೆಕ್ಕ ಕೊಟ್ಟಿದ್ದರು: ಇದೇ ಬಗೆಯ ಪ್ರೆಡ್ನಿಸೋನ್ ಎಂಬ ಸ್ಟೆರಾಯ್ಡ್ ದಿನಕ್ಕೆ 40 ಮಿಲಿಗ್ರಾಂವರೆಗೆ ತೆಗೆದುಕೊಂಡವರಲ್ಲಿ ನೂರಕ್ಕೆ ಒಬ್ಬರಿಗೆ, 80 ದಾಟಿದವರಲ್ಲಿ ಸುಮಾರು 18 ಜನರಿಗೆ ಮಾನಸಿಕ ತೊಂದರೆ. ಇಷ್ಟು ವರ್ಷವಾದರೂ ಮನೆಯವರಿಗೆ ಹೇಳುವವರಿಲ್ಲ. ದೇಹಕ್ಕೊಬ್ಬ ವೈದ್ಯರು, ಮನಸ್ಸಿಗೊಬ್ಬರು. ನಡುವೆ ಸಿಕ್ಕಿಕೊಳ್ಳುವವರು ರೋಗಿಗಳು.

ಸೊಸೆ ಅಳುತ್ತಾಳೆ ಎಂದಿರಿ, ಮಗುವಿಗೆ ಎಷ್ಟು ವಾರ ಎಂದು ಬರೆದಿಲ್ಲ. ಎರಡು ವಾರ ದಾಟಿದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ತನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಮಾತು ಅವಳ ಬಾಯಲ್ಲಿ ಬಂದಿದ್ದರೆ, ಇವತ್ತೇ ಹೊರಡಿ.