ತೋಳು ಉಲ್ಟಾ ಆಗಿದ್ದು ನಿಜ

ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವವರು ಮತ್ತೆ ಮತ್ತೆ ಹೇಳುವ ಮಾತು ಒಂದೇ: "ಮೊದಲಿನ ಹಾಗೆ ಆಗಿಲ್ಲ ಮೇಡಂ, ನಾನೇ ಸರಿ ಇಲ್ಲ." ನಿದ್ದೆ ಬರುತ್ತಿರುತ್ತದೆ, ಊಟ ಸೇರುತ್ತಿರುತ್ತದೆ. ತಮ್ಮ ಬಗ್ಗೆ ಕೊಟ್ಟುಕೊಂಡ ತೀರ್ಪು ಮಾತ್ರ ಕಾಯಿಲೆಯ ದಿನಗಳದ್ದೇ.

ಅಂಥವರಲ್ಲಿ ಒಬ್ಬ ಹೆಣ್ಣುಮಗಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮೂರನೇ ಸಲ ಖಿನ್ನತೆ ಬಂದು ಹೋಗಿತ್ತು. ಮಾತ್ರೆ ನಡೆಯುತ್ತಿತ್ತು. ನನ್ನ 8 ವಾರಗಳ ಮೈಂಡ್‌ಫುಲ್‌ನೆಸ್ ತರಗತಿಗೆ ಸೇರಿದ್ದರು. ಮನಸ್ಸಿನಲ್ಲಿ, ಮೈಯಲ್ಲಿ ಈಗ ಏನಾಗುತ್ತಿದೆಯೋ ಅದನ್ನು ತೀರ್ಪು ಕೊಡದೆ ಗಮನಿಸುವ ಅಭ್ಯಾಸ ಅದು.

ನಾಲ್ಕನೇ ವಾರ ಅಳುತ್ತಾ ಬಂದರು. ಒಂದು ಬ್ಲೌಸಿನ ಎಡತೋಳನ್ನು ಬಲಕ್ಕೆ ಕೂರಿಸಿಬಿಟ್ಟಿದ್ದರು. "ಇಪ್ಪತ್ತು ವರ್ಷ ಹೊಲಿದ ಕೈ ಇದು. ನಾನು ಯಾವುದಕ್ಕೂ ಬರಲ್ಲ. ಮತ್ತೆ ಶುರುವಾಯ್ತು."

"ಇಲ್ಲಮ್ಮ, ಚೆನ್ನಾಗಿ ಹೊಲಿತೀರಿ" ಅನ್ನಬಹುದಿತ್ತು. ಹಿಂದೆ ಅಂದೂ ಇದ್ದೆ. ಒಂದು ಹೊಗಳಿದರೆ ಎರಡು ತಪ್ಪು ಎತ್ತಿ ತೋರಿಸುತ್ತಿದ್ದರು. ಅದಕ್ಕೇ ವಾದ ಬಿಟ್ಟೆ. ತೋಳು ಉಲ್ಟಾ ಅಂತ ಗೊತ್ತಾದಾಗ ಮೈಯಲ್ಲಿ ಏನಾಯಿತು ಎಂದು ಕೇಳಿದೆ. ಕಣ್ಣು ಮುಚ್ಚಿ ನೆನಪಿಸಿಕೊಂಡರು. ಗಂಟಲು ಕಟ್ಟಿತು. ಭುಜ ಬಿಗಿಯಾಯಿತು. ಆಮೇಲೆ "ಯಾವುದಕ್ಕೂ ಬರಲ್ಲ" ಅನ್ನೋ ಮಾತು ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ತೋಳು ಉಲ್ಟಾ ಆಗಿದ್ದು ನಿಜ ಮೇಡಂ. ಬಿಚ್ಚಿ ಹಾಕೋಕೆ ಅರ್ಧ ಗಂಟೆ ಸಾಕು. ಇನ್ನೊಂದು ಬರೀ ಬಂದ ಮಾತು. ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ."

ನಾನು ಕೊಟ್ಟ ಸಲಹೆ ಸಣ್ಣದು. ಆ ಮಾತು ಬಂದಾಗ ಮಷೀನ್ ನಿಲ್ಲಿಸಿ, 3 ನಿಮಿಷ ಕೂರಿ. ಮೊದಲು ಏನನಿಸುತ್ತಿದೆ ನೋಡಿ, ಆಮೇಲೆ ಉಸಿರು, ಆಮೇಲೆ ಇಡೀ ಮೈ. "ಯಾವುದಕ್ಕೂ ಬರಲ್ಲ ಅನ್ನೋ ಯೋಚನೆ ಬಂದಿದೆ" ಅಂದುಕೊಳ್ಳಿ. ಅದನ್ನು ಓಡಿಸಲೂ ಬೇಡಿ, ಒಪ್ಪಲೂ ಬೇಡಿ.

"ಸುಮ್ನೆ ಕಣ್ಣು ಮುಚ್ಚಿ ಕೂತ್ರೆ ಕಾಯಿಲೆ ಹೋಗುತ್ತಾ?" ಅವರ ಯಜಮಾನರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಈ ತರಬೇತಿಯನ್ನು ರೂಪಿಸಿದ್ದೇ ಪದೇ ಪದೇ ಖಿನ್ನತೆಗೆ ಬೀಳುವವರಿಗಾಗಿ. 2015ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ 424 ಜನರಿದ್ದರು. ಈ ತರಬೇತಿ ಪಡೆದು ಮಾತ್ರೆ ಇಳಿಸುತ್ತಾ ಹೋದವರಲ್ಲಿ ಎರಡು ವರ್ಷದೊಳಗೆ ಶೇ. 44 ಮಂದಿಗೆ ಖಿನ್ನತೆ ಮರುಕಳಿಸಿತು. ಮಾತ್ರೆ ಮುಂದುವರಿಸಿದವರಲ್ಲಿ ಶೇ. 47. ಹೆಚ್ಚುಕಡಿಮೆ ಒಂದೇ. ಆದರೂ ಮಾತ್ರೆ ಬಿಡಿ ಅಂತ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಅದು ವೈದ್ಯರು ನೋಡಿ ಇಳಿಸಬೇಕಾದದ್ದು. ಕಾಯಿಲೆ ಜೋರಾಗಿರುವಾಗ ಬರೀ ಇದನ್ನೇ ನಂಬಿ ಕೂರುವುದೂ ಸರಿಯಲ್ಲ.

ಇಬ್ಬರಿಗೂ ಇನ್ನೊಂದು ಹೇಳಿದೆ. ನಿದ್ದೆ ಕೆಟ್ಟು ಎರಡು ವಾರ ಮನಸ್ಸು ಏಳದಿದ್ದರೆ ಮೊದಲು ವೈದ್ಯರ ಬಳಿ ಹೋಗಿ, ನನ್ನ ಬಳಿ ಆಮೇಲೆ. ಸಾಯುವ ಯೋಚನೆ ಬಂದರೆ ಅವತ್ತೇ. ನಡುರಾತ್ರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆ ಹೆಣ್ಣುಮಗಳು ತಮ್ಮ ಅಳತೆ ಪುಸ್ತಕ ತೆಗೆದು, ಮೊದಲ ಪುಟದಲ್ಲೇ ಆ ನಂಬರ್ ಬರೆದುಕೊಂಡರು.